ಗೆಳತಿ ಆರ್ಟ್ಸ್ ಅಂದಳು ಅಂತ ಮಗಳೂ ಆರ್ಟ್ಸ್ ಅಂತಿದ್ದಾಳೆ. ಬಿಡಿಸೋದಾ, ಬಿಡೋದಾ?

ರೇಷ್ಮೆಗೂಡು

ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಹಿಪ್ಪುನೇರಳೆ ತೋಟ ಇದೆ, ಹುಳ ಸಾಕುತ್ತೇವೆ. ಮಗಳಿಗೆ ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 571 ಬಂದಿದೆ. ಓದಿದ್ದು ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಮನೆಯಲ್ಲಿ ಆಡುವುದು ತೆಲುಗು. ನಮ್ಮ ಮನೆಗೆ ಆ ಅಂಕ ದೊಡ್ಡದು.

ಈಗ ತೊಂದರೆ ಶುರುವಾಗಿದೆ. ಆರನೇ ಕ್ಲಾಸಿನಿಂದ ಅವಳಿಗೆ ಒಬ್ಬಳೇ ಗೆಳತಿ. ಇಬ್ಬರೂ ಒಂದೇ ಬೆಂಚು, ಒಂದೇ ಜಡೆ ರಿಬ್ಬನ್. ಆ ಹುಡುಗಿಗೆ 388 ಬಂದಿದೆ. ಅವಳು ಶಿಡ್ಲಘಟ್ಟದಲ್ಲೇ ಆರ್ಟ್ಸ್‌ನ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಸೇರುತ್ತಾಳಂತೆ. ನಮ್ಮವಳೂ ಅದೇ ಕಾಲೇಜು, ಅದೇ ಎಚ್‌ಇಪಿಎಸ್ ಅಂತ ಹಟ ಹಿಡಿದಿದ್ದಾಳೆ. ನಾವು ಚಿಕ್ಕಬಳ್ಳಾಪುರದಲ್ಲಿ ಸೈನ್ಸ್‌ಗೆ, ಪಿಸಿಎಂಬಿಗೆ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್, ಬಯಾಲಜಿ) ಸೇರಿಸೋಣ ಅಂತಿದ್ದೆವು. ಯಾಕೆ ಬೇಡ ಅಂದರೆ ಬಾಯಿ ಬಿಡುವುದಿಲ್ಲ. ಊಟದ ತಟ್ಟೆ ತಳ್ಳಿ ಎದ್ದು ಹೋಗುತ್ತಾಳೆ.

ನಮ್ಮ ಯಜಮಾನರು "ಆ ಹುಡುಗಿ ಸಹವಾಸ ಬಿಡಿಸು, ಎಲ್ಲ ಸರಿ ಹೋಗುತ್ತೆ" ಅನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಅಡ್ಮಿಷನ್‌ಗೆ ಜಾಸ್ತಿ ದಿನ ಇಲ್ಲ. ತಿಳಿದವರು ಹೇಳಿ.

ಸೀದಾಮಾತು

571 ತಗೊಂಡು ಆರ್ಟ್ಸಾ? ಅಮ್ಮಾ, ಯೋಚನೆಯೇ ಬೇಡ. ಪಿಸಿಎಂಬಿ ಹಾಕಿಸಿ, ಹಾಸ್ಟೆಲ್‌ಗೆ ಸೇರಿಸಿ. ಹದಿನೈದು ದಿನ ಅಳುತ್ತಾಳೆ, ಹದಿನಾರನೇ ದಿನ ಹೊಸ ಗೆಳತಿ ಸಿಗುತ್ತಾಳೆ. ಹದಿನಾರನೇ ವಯಸ್ಸಿನ ಸ್ನೇಹ ನಂಬಿ ಅರವತ್ತು ವರ್ಷದ ಬದುಕು ಯಾರಾದರೂ ಬರೆದು ಕೊಡುತ್ತಾರಾ?

ಕೈವಾರದಕಡೆ

ನನ್ನ ಕಥೆ ಹೇಳುತ್ತೇನೆ. ನಿಮ್ಮ ಮಗಳದಕ್ಕೆ ಇದು ಉಲ್ಟಾ.

2009ರಲ್ಲಿ ನನ್ನ ಎಸ್‌ಎಸ್‌ಎಲ್‌ಸಿ ಮುಗಿಯಿತು. ನಾವು ಮೂವರು, ಚಿಂತಾಮಣಿ ಬಸ್ಸಿನ ಕೊನೆ ಸೀಟಿನ ಗಿರಾಕಿಗಳು. ಇಬ್ಬರೂ ಸೈನ್ಸ್ ತಗೊಂಡರು, ನಾನೂ ತಗೊಂಡೆ. ನನಗೆ ಗಣಿತ ಅಂದರೆ ಹೊಟ್ಟೆ ನೋವು. ಆದರೂ ಮೂವರಲ್ಲಿ ಒಬ್ಬ ಕಾಮರ್ಸ್‌ಗೆ ಹೋದರೆ ಮರ್ಯಾದೆ ಏನಾಗುತ್ತೆ ಅನ್ನುವ ಲೆಕ್ಕ. ಆ ವಯಸ್ಸಿನಲ್ಲಿ ಬರುತ್ತಿದ್ದ ಲೆಕ್ಕ ಅದೊಂದೇ.

ಜುಲೈ ಮುಗಿಯುವಷ್ಟರಲ್ಲಿ ಒಬ್ಬನನ್ನು ಮನೆಯವರು ಬೆಂಗಳೂರಿನ ಯಾವುದೋ ರೆಸಿಡೆನ್ಷಿಯಲ್ ಕಾಲೇಜಿಗೆ ಕಳಿಸಿದರು. ಇನ್ನೊಬ್ಬ ಟಿಸಿ ತಗೊಂಡು ಡಿಪ್ಲೊಮಾಗೆ ಹೋದ. ಕೊನೆ ಸೀಟಿನಲ್ಲಿ ನಾನು, ನನ್ನ ಜೊತೆ ಫಿಸಿಕ್ಸ್ ಪುಸ್ತಕ. ಯಾರಿಗೋಸ್ಕರ ಸಬ್ಜೆಕ್ಟ್ ತಗೊಂಡೆನೋ ಅವರೇ ಇಲ್ಲ, ಸಬ್ಜೆಕ್ಟ್ ಮಾತ್ರ ಉಳಿಯಿತು. ಸೆಕೆಂಡ್ ಪಿಯುನಲ್ಲಿ ಫಿಸಿಕ್ಸ್, ಮ್ಯಾತ್ಸ್ ಎರಡೂ ಢಮಾರ್. ಸಪ್ಲಿಮೆಂಟರಿಯಲ್ಲಿ ಹೇಗೋ ದಾಟಿ ಬಿಎ ಸೇರಿದೆ.

ಬಿಎ ಓದುವಾಗ ಇನ್ನೊಬ್ಬ ಸಿಕ್ಕಿದ. ಬೆಳಗ್ಗೆ ಐದಕ್ಕೆ ಮೈದಾನದಲ್ಲಿ 1600 ಮೀಟರ್ ಓಡುತ್ತಿದ್ದ, ಕಾನ್ಸ್‌ಟೇಬಲ್ ಪರೀಕ್ಷೆಗೆ. ಒಬ್ಬನೇ ಓಡಲು ಬೇಜಾರು ಅಂತ ನನ್ನನ್ನು ಎಳೆದುಕೊಂಡು ಹೋದ. ಅವನಿಗೆ ಎತ್ತರ ಸಾಲದೆ ಆಯ್ಕೆ ಆಗಲಿಲ್ಲ. ನಾನಾದೆ. ಇವತ್ತು ಖಾಕಿ ಹಾಕಿರುವುದು ಅವನಿಗೆ ಬೇಜಾರಾಗುತ್ತಿತ್ತು ಅನ್ನುವ ಕಾರಣಕ್ಕೆ. ಹಾಗಾಗಿ ಸಹವಾಸ ಕೆಟ್ಟದ್ದು ಅಂತಲೂ ನಾನು ಹೇಳಲಾರೆ, ಒಳ್ಳೆಯದು ಅಂತಲೂ ಹೇಳಲಾರೆ.

ಪಾಠಹೇಳುವವ

ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತೇನೆ. ಎಚ್‌ಇಪಿಎಸ್‌ನ 'ಇ' ನಾನೇ. ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದರೆ ಕ್ಷಮಿಸಿ.

ಸ್ನೇಹಿತರು ಓದಿನ ದಾರಿ ಬದಲಿಸುತ್ತಾರಾ ಅನ್ನುವುದನ್ನು ಕಂಡುಹಿಡಿಯುವುದೇ ಕಷ್ಟ. ಯಾಕೆಂದರೆ ನಮಗೆ ಹೊಂದುವವರನ್ನೇ ನಾವು ಸ್ನೇಹ ಮಾಡುತ್ತೇವೆ. ಒಂದೇ ತರಹದವರು ಒಂದು ಬೆಂಚಿಗೆ ಬಂದರೋ, ಒಂದು ಬೆಂಚಿಗೆ ಬಂದ ಮೇಲೆ ಒಂದೇ ತರಹ ಆದರೋ ಹೇಗೆ ಹೇಳುವುದು? ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಹೊಸದಾಗಿ ಬಂದವರಿಗೆ ರೂಮ್‌ಮೇಟ್ ಯಾರು ಅಂತ ಚೀಟಿ ಎತ್ತಿದ ಹಾಗೆ ಹಂಚುತ್ತಿದ್ದರು. ಬ್ರೂಸ್ ಸ್ಯಾಸರ್ಡೋಟ್ ಅನ್ನುವ ಅರ್ಥಶಾಸ್ತ್ರಜ್ಞ ಅದನ್ನು ಹಿಡಿದು ಲೆಕ್ಕ ಹಾಕಿ 2001ರಲ್ಲಿ ಬರೆದರು. ರೂಮ್‌ಮೇಟ್‌ನಿಂದ ಅಂಕದ ಮೇಲೆ ಪರಿಣಾಮ ಆಗುತ್ತದೆ. ಯಾವ ಹುಡುಗರ ಸಂಘ ಸೇರುತ್ತಾನೆ ಅನ್ನುವುದರ ಮೇಲೂ ಆಗುತ್ತದೆ. ಆದರೆ ಯಾವ ವಿಷಯವನ್ನು ಮುಖ್ಯವಾಗಿ ಓದಬೇಕು ಅನ್ನುವುದರ ಮೇಲೆ ಪರಿಣಾಮ ಕಾಣಲಿಲ್ಲ.

ನನ್ನ ಕ್ಲಾಸಿನಲ್ಲಿ ನೋಡಿದ್ದಕ್ಕೂ ಇದಕ್ಕೂ ತಾಳೆ ಆಗುತ್ತದೆ. ಗೆಳೆಯರು ದಿನಾ ಕಾಲೇಜಿಗೆ ಬರುವುದು, ಬಂಕ್ ಹೊಡೆಯುವುದು, ನೋಟ್ಸ್ ಬರೆಯುವುದು, ಬರೆಯದೆ ಇರುವುದು, ಇವನ್ನು ನಿರ್ಧಾರ ಮಾಡುತ್ತಾರೆ. ಸಬ್ಜೆಕ್ಟ್ ವಿಚಾರದಲ್ಲಿ ಗೆಳತಿಯ ಹೆಸರು ಹೇಳುವವರ ಹಿಂದೆ ಬಹಳ ಸಲ ಬೇರೆ ಕಾರಣ ಇರುತ್ತದೆ. ಅದನ್ನು ಮನೆಯಲ್ಲಿ ಹೇಳಲು ಆಗುವುದಿಲ್ಲ. ಗೆಳತಿ ಒಂದು ನೆಪ.

ಇನ್ನೊಂದು ಮಾತು. ಎಚ್‌ಇಪಿಎಸ್ ತಗೊಂಡರೆ ಬದುಕು ಮುಗಿಯಿತು ಅನ್ನುವ ಹಾಗೆ ಮಾತಾಡಬೇಡಿ. ಐದು ವರ್ಷದ ಲಾ ಇದೆ, ಟೀಚರ್ ಕೆಲಸ ಇದೆ, ಡಿಗ್ರಿ ಮುಗಿಸಿದರೆ ಕೆಎಎಸ್ ಇದೆ. ಅದಕ್ಕೆ ಯಾವ ಡಿಗ್ರಿಯಾದರೂ ಆಗುತ್ತದೆ. ಆದರೆ ನಿಜವಾದ ವ್ಯತ್ಯಾಸವನ್ನೂ ಹೇಳಬೇಕು. ಸೈನ್ಸ್ ಓದಿದವಳು ಆಮೇಲೆ ಬಿಎಗೆ ಬರಬಹುದು, ಕೈವಾರದಕಡೆಯವರು ಬಂದ ಹಾಗೆ. ಆರ್ಟ್ಸ್ ಓದಿದವಳು ಆಮೇಲೆ ಎಂಬಿಬಿಎಸ್, ಎಂಜಿನಿಯರಿಂಗ್ ಅಂದರೆ ಆಗುವುದಿಲ್ಲ. ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ. ಮಗಳಿಗೆ ಇದು ಗೊತ್ತಿದ್ದು ಬೇಡ ಅಂತಿದ್ದಾಳಾ, ಗೊತ್ತಿಲ್ಲದೆ ಅಂತಿದ್ದಾಳಾ?

ಸೀದಾಮಾತು

ಮೇಷ್ಟ್ರೇ, ಅಮೆರಿಕದ ಹಾಸ್ಟೆಲ್ ಎಲ್ಲಿ, ನಮ್ಮ ಶಿಡ್ಲಘಟ್ಟ ಎಲ್ಲಿ? ಅಲ್ಲಿಯವರು ಹದಿನೆಂಟು ದಾಟಿ ಬಂದವರು. ಇದು ಹತ್ತನೇ ಕ್ಲಾಸಿನ ಹುಡುಗಿ. ಐದು ವರ್ಷದ ಗೆಳತಿಗೂ ಚೀಟಿಯಲ್ಲಿ ಬಂದ ರೂಮ್‌ಮೇಟ್‌ಗೂ ಹೋಲಿಕೆ ಇದೆಯಾ?

ಪಾಠಹೇಳುವವ

ಒಪ್ಪುತ್ತೇನೆ. ನಿಮ್ಮ ಮಾತಿನಲ್ಲಿ ಹುರುಳಿದೆ. ಸರಿ, ಹೈಸ್ಕೂಲು ಮಕ್ಕಳದ್ದೇ ಒಂದು ಹೇಳುತ್ತೇನೆ, ಇದು ನನಗೆ ಇನ್ನೂ ಜಾಸ್ತಿ ಹಿಡಿಸಿದ್ದು.

ಲಾಸ್ ಏಂಜಲೀಸ್‌ನ ಶಾಲೆಗಳಲ್ಲಿ ಕಾಲೇಜು ಪ್ರವೇಶ ಪರೀಕ್ಷೆಗೆ ಪುಕ್ಕಟೆ ಕೋಚಿಂಗ್ ಕೊಡುತ್ತೇವೆ, ಬೇಕಿದ್ದವರು ಬರೆದುಕೊಡಿ ಅಂದರು. ಕೆಲವರ ಕಾಗದದಲ್ಲಿ ನೀನು ಏನು ಬರೆದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ ಅಂತ ಇತ್ತು. ಇನ್ನು ಕೆಲವರದರಲ್ಲಿ ಕ್ಲಾಸಿನವರಿಗೆ ಮಾತ್ರ ಗೊತ್ತಾಗಬಹುದು ಅನ್ನುವ ಅರ್ಥ ಬರುತ್ತಿತ್ತು. ಸಾಮಾನ್ಯ ಸೆಕ್ಷನ್‌ಗಳಲ್ಲಿ ಎರಡನೇ ಕಾಗದ ಸಿಕ್ಕವರು ಬೇಕು ಅಂದದ್ದು ನೂರಕ್ಕೆ 11ರಷ್ಟು ಕಡಿಮೆ. ಜಾಣರ ಸೆಕ್ಷನ್‌ನಲ್ಲಿ ಆ ಕಡಿತ ಇಲ್ಲ. ಬರ್ಸ್ಟಿನ್ ಮತ್ತು ಜೆನ್ಸನ್ ಅನ್ನುವವರು 2015ರಲ್ಲಿ ಪ್ರಕಟಿಸಿದ್ದು. ಕೋಚಿಂಗ್ ಬೇಕು ಅಂತ ಇದ್ದರೂ ಪಕ್ಕದವನ ಎದುರು ಬೇಕು ಅನ್ನಲು ಆಗುವುದಿಲ್ಲ.

ಇದನ್ನು ಓದಿದ ಮೇಲೆ ನಾನು ಕ್ಲಾಸಿನಲ್ಲಿ "ಸ್ಪೆಷಲ್ ಕ್ಲಾಸ್ ಯಾರಿಗೆ ಬೇಕು, ಕೈ ಎತ್ತಿ" ಅನ್ನುವುದನ್ನು ಬಿಟ್ಟೆ. ಚೀಟಿ ಬರೆದು ಮೇಜಿನ ಮೇಲೆ ಇಡಿ ಅನ್ನುತ್ತೇನೆ. ಕೈ ಎತ್ತುವಾಗ ಹಿಂದಿನ ಬೆಂಚಿನಿಂದ ಒಂದೂ ಏಳುತ್ತಿರಲಿಲ್ಲ. ಚೀಟಿ ಅಲ್ಲಿಂದಲೂ ಬಂತು.

ರೇಷ್ಮೆಗೂಡು ಅವರೇ, ನೀವು ಮಗಳನ್ನು ಕೇಳಿದ್ದು ಯಾರ ಯಾರ ಎದುರು?

ಬಸ್ಸಿನಕಿಟಕಿ

ಇಲ್ಲಿ ಮಾತಾಡಿದವರಲ್ಲಿ ಗಂಡಸರೇ ಜಾಸ್ತಿ ಅನ್ನಿಸುತ್ತಿದೆ. ಒಂದು ವಿಷಯ ಯಾರ ಬಾಯಲ್ಲೂ ಬರಲಿಲ್ಲ.

ನಾನು ಬಾಗೇಪಲ್ಲಿ ಕಡೆಯವಳು. ಈಗ ಬೆಂಗಳೂರಿನಲ್ಲಿ ನರ್ಸ್. ನಮ್ಮ ಊರಿನ ಹೆಣ್ಣುಮಕ್ಕಳಿಗೆ ಗೆಳತಿ ಅಂದರೆ ಬರೀ ಗೆಳತಿ ಅಲ್ಲ. ಅವಳು ಪರ್ಮಿಷನ್. "ಅವಳು ಹೋಗ್ತಾಳಾ? ಹಾಗಾದರೆ ನೀನೂ ಹೋಗು." ಈ ಒಂದು ಮಾತಿನ ಮೇಲೆ ನನ್ನ ಪಿಯುಸಿ ನಿಂತಿತ್ತು. ಅವಳ ಮನೆಯಲ್ಲೂ ಅದೇ ಮಾತು. ಇಬ್ಬರ ಅಪ್ಪಂದಿರೂ ಇನ್ನೊಬ್ಬಳನ್ನು ನೋಡಿ ಒಪ್ಪಿದ್ದು. ಯಾರೂ ತಮ್ಮ ಮಗಳನ್ನು ನೋಡಿ ಒಪ್ಪಿದ್ದಲ್ಲ.

ಸೆಕೆಂಡ್ ಪಿಯು ಮಧ್ಯದಲ್ಲಿ ಅವಳ ಮದುವೆ ಆಯಿತು. ಮರುದಿನವೇ ನಮ್ಮಪ್ಪ "ಒಬ್ಬಳೇ ಹೇಗೆ ಹೋಗ್ತೀಯ" ಅಂದರು. ರಸ್ತೆ ಅದೇ, ಬಸ್ಸು ಅದೇ, ನಾನೂ ಅದೇ ಹುಡುಗಿ. ಪಕ್ಕದ ಸೀಟು ಖಾಲಿ ಆಗಿದ್ದಕ್ಕೆ ನನ್ನ ಓದು ನಿಲ್ಲುವುದರಲ್ಲಿತ್ತು. ಅಜ್ಜಿ ಜಗಳ ಮಾಡಿ ಕಳಿಸಿದಳು. ಓದು ಬಾರದ ಅಜ್ಜಿ.

ಜಿಎನ್‌ಎಂ ಅಂತ ಒಂದು ನರ್ಸಿಂಗ್ ಡಿಪ್ಲೊಮಾ ಕೋರ್ಸ್ ಇದೆ ಅಂತ ಗೊತ್ತಾಗಿದ್ದೂ ಗೆಳತಿಯ ಅಕ್ಕನಿಂದ. ಅವಳು ಫಾರಂ ತಂದುಕೊಟ್ಟಳು. ನಮ್ಮ ಮನೆಯಲ್ಲಿ ಅಂಥ ವಿಷಯ ಹೇಳುವವರು ಯಾರೂ ಇರಲಿಲ್ಲ. ಬಿಎಸ್‌ಸಿ ನರ್ಸಿಂಗ್‌ಗೆ ಬಯಾಲಜಿ ಬೇಕು, ಜಿಎನ್‌ಎಂಗೆ ಆರ್ಟ್ಸ್ ಓದಿದವರೂ ಹೋಗಬಹುದು. ಇದು ಕೂಡ ಬಸ್ಸಿನಲ್ಲಿ ಕಿವಿಗೆ ಬಿದ್ದ ಮಾತು.

ಈಗ 2023ರ ಜೂನ್‌ನಿಂದ ಬಸ್ಸು ಫ್ರೀ ಆಗಿದೆ. ಚಾರ್ಜಿನ ನೆಪ ಹೋಯಿತು. "ಜೊತೆ ಯಾರು" ಅನ್ನುವ ಪ್ರಶ್ನೆ ಹಾಗೇ ಇದೆ. ಅಕ್ಕಾ, ನಿಮ್ಮ ಮಗಳ ಗೆಳತಿಯ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಒಮ್ಮೆ ನೋಡಿ.

ಸೀದಾಮಾತು

ಇದು ನನಗೆ ಹೊಳೆದಿರಲಿಲ್ಲ.

ಹೊಸೂರುಗೇಟ್

ನಾನು ಗೌರಿಬಿದನೂರಿನವನು. ನಮ್ಮ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರನ್ನು ನೆನಪಿಸಿಕೊಳ್ಳಿ. ಬಡವರ ಮನೆ ಹುಡುಗ. ಓದಬೇಕು ಅಂತ ಬೆಂಗಳೂರಿಗೆ ನಡೆದೇ ಹೋದವರು. ಅಮೆರಿಕದ ಓಹಾಯೋದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿ ಬಂದು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು. ಅವರ ಜೊತೆ ಯಾವ ಗೆಳೆಯ ನಡೆದ? ಓದುವ ಛಲ ಇದ್ದವರಿಗೆ ಜೊತೆ ಬೇಕಿಲ್ಲ.

ಬಸ್ಸಿನಕಿಟಕಿ

ಎಚ್‌ಎನ್ ಅವರ ಬಗ್ಗೆ ನನಗೂ ಗೌರವ ಇದೆ. ಆದರೆ ಹದಿನೈದು ವರ್ಷದ ಹುಡುಗಿ ಆ ದಾರಿಯಲ್ಲಿ ಒಬ್ಬಳೇ ನಡೆಯಲು ಯಾವ ಮನೆಯಲ್ಲಿ ಬಿಡುತ್ತಿದ್ದರು ಹೇಳಿ. ಮತ್ತೆ, ಅವರನ್ನು ಬೆಂಗಳೂರಿಗೆ ಕರೆದದ್ದು ಒಬ್ಬ ಮೇಷ್ಟ್ರು ಅಂತ ನಾನು ಕೇಳಿದ್ದೇನೆ. ಕರೆಯುವವರು ಒಬ್ಬರು ಬೇಕೇ ಬೇಕು.

ಕೈವಾರದಕಡೆ

ಅಕ್ಕ ಫಾರಂ ವಿಷಯ ಹೇಳಿದ್ದಕ್ಕೆ ನೆನಪಾಯಿತು. ನಮ್ಮ ಆ ಡಿಪ್ಲೊಮಾ ಗೆಳೆಯ ಇದ್ದನಲ್ಲ, ಅವನು ಆಮೇಲೆ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ಸೀದಾ ಬಿಇ ಎರಡನೇ ವರ್ಷಕ್ಕೆ ಹೋದ. ಅಂಥ ಒಂದು ದಾರಿ ಇದೆ ಅಂತ ನನಗೆ ಗೊತ್ತಾಗಿದ್ದು ಅವನು ಸೇರಿದ ಮೇಲೆ. ಸಿಇಟಿಯಲ್ಲಿ ಗ್ರಾಮೀಣ ಕೋಟಾ 15 ಪರ್ಸೆಂಟ್, ಕನ್ನಡ ಮೀಡಿಯಂ 5 ಪರ್ಸೆಂಟ್ ಇದೆ. ಒಂದರಿಂದ ಹತ್ತರವರೆಗೆ ಓದಿದ್ದಕ್ಕೆ ಸರ್ಟಿಫಿಕೇಟ್ ಬೇಕು, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು ಅಂತ ಅವನು ಕೊನೆ ಗಳಿಗೆಯಲ್ಲಿ ನನ್ನ ತಮ್ಮನಿಗೆ ಹೇಳದಿದ್ದರೆ ತಮ್ಮನ ಸೀಟು ಹೋಗುತ್ತಿತ್ತು. ಓದಿದ ಮನೆಯಲ್ಲಿ ಇದನ್ನೆಲ್ಲ ಚಿಕ್ಕಪ್ಪನೋ ಮಾವನೋ ಊಟದ ಹೊತ್ತಲ್ಲಿ ಹೇಳುತ್ತಾರೆ. ನಮ್ಮಂಥವರಿಗೆ ಗೆಳೆಯನೇ ಮಾವ.

ರೀಲ್ಸ್‌ರಾಜ

ಈಗ ಎಲ್ಲ ಯೂಟ್ಯೂಬ್‌ನಲ್ಲಿ ಸಿಗುತ್ತೆ ಅಣ್ಣ, ಗೆಳೆಯ ಯಾಕೆ?

ಕೈವಾರದಕಡೆ

ಸಿಗುತ್ತೆ, ಹುಡುಕಬೇಕು ಅಂತ ಗೊತ್ತಿದ್ದರೆ. ಡಿಸಿಇಟಿ ಅನ್ನುವ ನಾಲ್ಕು ಅಕ್ಷರವೇ ಗೊತ್ತಿಲ್ಲದವನು ಏನಂತ ಟೈಪ್ ಮಾಡುತ್ತಾನೆ?

ರೇಷ್ಮೆಗೂಡು

ಎಲ್ಲರಿಗೂ ನಮಸ್ಕಾರ. ಎರಡು ದಿನ ಬರಲಾಗಲಿಲ್ಲ. ಹುಳ ನಾಲ್ಕನೇ ಜ್ವರ (ಪೊರೆ ಬಿಡುವುದು) ಎದ್ದಿದೆ, ರಾತ್ರಿ ಹಗಲು ಸೊಪ್ಪು ಹಾಕಬೇಕು.

ಮೇಷ್ಟ್ರು ಕೇಳಿದ್ದು ಸರಿ. ನಾವು ಅವಳನ್ನು ಕೇಳಿದ್ದು ನಡುಮನೆಯಲ್ಲಿ. ಅವರಪ್ಪ, ನಾನು, ನನ್ನ ಮೈದುನ, ಅವನ ಹೆಂಡತಿ, ಎಲ್ಲರ ಎದುರು. ಈಗ ನೆನೆಸಿಕೊಂಡರೆ ಪಂಚಾಯಿತಿ ಸೇರಿಸಿದ ಹಾಗಿತ್ತು.

ಬಸ್ಸಿನಕಿಟಕಿ ತಂಗಿ ಬರೆದದ್ದು ಓದಿ ನನಗೆ ನನ್ನದೇ ನೆನಪಾಯಿತು. ನಾನೂ ಹತ್ತನೇ ಕ್ಲಾಸ್ ಪಾಸು. 438 ಬಂದಿತ್ತು. ನಮ್ಮ ಊರಿಂದ ಕಾಲೇಜಿಗೆ ಹೋಗುವ ಹುಡುಗಿ ಬೇರೆ ಯಾರೂ ಇರಲಿಲ್ಲ. ಅಷ್ಟೇ. ಬೇಡ ಅಂತ ಯಾರೂ ಹೇಳಲಿಲ್ಲ. ಜೊತೆ ಇಲ್ಲ ಅಂದರು. ಇಷ್ಟು ವರ್ಷ ಅದನ್ನು ನನ್ನ ಹಣೆಬರಹ ಅಂದುಕೊಂಡಿದ್ದೆ.

ಒಂದು ಮಾತು ಸೇರಿಸಬೇಕು. ಆ ಹುಡುಗಿಯನ್ನು ನಾನು ಇಲ್ಲಿ 388 ಅಂತ ಬರೆದೆ. ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ತಟ್ಟೆಗೆ) ಹುಳ ಬಿಡುವ ದಿನಗಳಲ್ಲಿ ನಮ್ಮವಳು ಶಾಲೆಗೆ ಹೋಗುವುದು ತಪ್ಪುತ್ತಿತ್ತು. ಅವತ್ತಿನ ನೋಟ್ಸ್ ಸಂಜೆ ಮನೆಗೆ ತರುತ್ತಿದ್ದದ್ದು ಅವಳೇ. ತಂದುಕೊಟ್ಟು, ಹಣ್ಣಾದ ಹುಳ ಆಯ್ದುಕೊಟ್ಟು ಹೋಗುತ್ತಿದ್ದಳು. 571ರಲ್ಲಿ ಅವಳದೂ ಸ್ವಲ್ಪ ಇದೆ.

ನಾನೇಆಗೆಳತಿ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಈ ಚರ್ಚೆಯಲ್ಲಿ ಬರೆಯಲು ಖಾತೆ ತೆರೆದೆ, ಹೆಸರೂ ಅದಕ್ಕೇ ಹೀಗಿದೆ.

ಗುಡಿಬಂಡೆ ಕಡೆ ನನ್ನ ಊರು. ನನಗೆ 34 ವರ್ಷ. ನಾನು ಆ ಕಡಿಮೆ ಅಂಕದ ಗೆಳತಿ. ನನ್ನ ಜೊತೆಗಿದ್ದವಳು ಕ್ಲಾಸಿಗೆ ಫಸ್ಟ್. ಒಂಬತ್ತನೇ ಕ್ಲಾಸಿನಲ್ಲಿ ಅವಳಿಗೆ ಒಂದು ಟೆಸ್ಟಿನಲ್ಲಿ ಅಂಕ ಕಡಿಮೆ ಬಂತು. ಅವಳ ಅಮ್ಮ ಶಾಲೆಗೆ ಬಂದು ಮೇಡಂ ಹತ್ತಿರ ಮಾತಾಡಿದರು. ಮರುದಿನ ನನ್ನನ್ನು ಕಿಟಕಿ ಪಕ್ಕದಿಂದ ಎಬ್ಬಿಸಿ ಕೊನೆ ಬೆಂಚಿಗೆ ಕಳಿಸಿದರು. ಯಾಕೆ ಅಂತ ಯಾರೂ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ಬೀಜಗಣಿತ ನನಗೆ ಅರ್ಥವಾಗುತ್ತಿದ್ದದ್ದು ಅವಳು ಹೇಳಿಕೊಟ್ಟರೆ ಮಾತ್ರ. ಮೇಷ್ಟ್ರು ಹೇಳುವಾಗ ತಲೆ ಆಡಿಸುತ್ತಿದ್ದೆ, ಆಮೇಲೆ ಅವಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬಿಡಿಸಿ ತೋರಿಸುತ್ತಿದ್ದಳು. ಬೆಂಚು ಬದಲಾದ ಮೇಲೆ ಅದು ನಿಂತಿತು. ಹತ್ತನೇ ಕ್ಲಾಸಿನಲ್ಲಿ ಗಣಿತ ಫೇಲಾದೆ. ಮತ್ತೆ ಕಟ್ಟಲಿಲ್ಲ. ಮುಂದಿನ ವರ್ಷಗಳು ಹೇಗೆ ಹೋದವು ಅಂತ ಬೇಡ ಬಿಡಿ.

ಮದುವೆ ಆಗಿ, ಮಗು ಸ್ಕೂಲಿಗೆ ಹೋಗುವಂತಾದ ಮೇಲೆ ಗಣಿತ ಕಟ್ಟಿ ಪಾಸು ಮಾಡಿದೆ. ಪಿಯುಸಿ ಹೊರಗಿನಿಂದ ಕಟ್ಟಿದೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಿಂದ ಬಿಎ ಮುಗಿಸಿದೆ. ಈಗ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಲೈಬ್ರರಿಯಲ್ಲಿ ಕೆಲಸ. ಸಂಜೆ ಮಕ್ಕಳು ಬರುತ್ತಾರೆ. ಜಾಣೆ ಮತ್ತು ಜಾಣೆಯಲ್ಲದವಳು ಒಟ್ಟಿಗೆ ಕೂತು ಲೆಕ್ಕ ಬಿಡಿಸುವುದು ಕಂಡರೆ ನಾನು ಆ ಟೇಬಲ್ ಹತ್ತಿರ ಹೋಗುವುದೇ ಇಲ್ಲ. ಹೋದರೆ ಎಲ್ಲಿ ನಿಲ್ಲಿಸಿಬಿಡುತ್ತಾರೋ ಅಂತ ಭಯ.

ಸಹವಾಸ ಬಿಡಿಸುವ ಮಾತು ಬಂದಾಗೆಲ್ಲ ಲೆಕ್ಕ ಹಾಕುವುದು ಒಂದು ಮನೆಯದ್ದು ಮಾತ್ರ. ಕೆಳಗಿನ ಹುಡುಗಿ ಮೇಲಿನವಳನ್ನು ಎಳೆಯುತ್ತಾಳೆ ಅಂತ ಎಲ್ಲರೂ ನೋಡುತ್ತಾರೆ. ಮೇಲಿನವಳು ಕೈ ಬಿಟ್ಟರೆ ಏನಾಗುತ್ತದೆ ಅಂತ ನೋಡುವವರು ಯಾರು? ಅಂದ ಹಾಗೆ, ನನ್ನನ್ನು ಬಿಡಿಸಿದ ಮೇಲೆ ಅವಳಿಗೆ ಅಂಕ ಜಾಸ್ತಿ ಬಂತಾ ಅಂದರೆ, ಬರಲಿಲ್ಲ. ಅವಳಿಗೆ ಆ ವರ್ಷ ಕನ್ನಡಕ ಬೇಕಾಗಿತ್ತು. ಬೋರ್ಡ್ ಕಾಣುತ್ತಿರಲಿಲ್ಲ.

ಸೀದಾಮಾತು

ತಂಗಿ, ನನ್ನ ಮೊದಲ ಕಮೆಂಟ್ ವಾಪಸ್ ತಗೊಳ್ಳುವುದಿಲ್ಲ, 571ಕ್ಕೆ ಸೈನ್ಸ್ ಅನ್ನುವುದು ಈಗಲೂ ನನ್ನ ಮಾತು. ಆದರೆ ಹಾಸ್ಟೆಲ್ ಅಂದಿದ್ದು ತಪ್ಪಾಯಿತು.

ಪಾಠಹೇಳುವವ

ಕನ್ನಡಕ! ಮೂರು ದಿನದಿಂದ ಇಲ್ಲಿ ನಾನು ಸಂಶೋಧನೆ ಹೇಳುತ್ತಿದ್ದೇನೆ.

ಹಾಗಂತ ಜಾಣರ ಪಕ್ಕ ಕೂರಿಸಿದರೆ ಸಾಕು, ಎಲ್ಲರೂ ಜಾಣರಾಗುತ್ತಾರೆ ಅಂತಲೂ ಇಲ್ಲ. ಅಮೆರಿಕದ ವಾಯುಪಡೆಯ ಅಕಾಡೆಮಿಯಲ್ಲಿ ಹಾಗೆ ಮಾಡಿ ನೋಡಿದರು. ಅಂಕ ಕಡಿಮೆ ಇದ್ದವರನ್ನು ಬೇಕಂತಲೇ ಜಾಸ್ತಿ ಇದ್ದವರ ತುಕಡಿಗೆ ಸೇರಿಸಿದರು. ಹಳೆಯ ಲೆಕ್ಕದ ಪ್ರಕಾರ ಅವರು ಮೇಲೇಳಬೇಕಿತ್ತು. 2013ರಲ್ಲಿ ಫಲಿತಾಂಶ ಪ್ರಕಟವಾದಾಗ ನೋಡಿದರೆ ಅವರು ಇನ್ನೂ ಕೆಳಗಿಳಿದಿದ್ದರು. ಒಂದೇ ತುಕಡಿಯಲ್ಲಿದ್ದರೂ ಜಾಣರು ಜಾಣರ ಜೊತೆ, ಉಳಿದವರು ಉಳಿದವರ ಜೊತೆ ಗುಂಪಾಗಿಬಿಟ್ಟಿದ್ದರು. ಮೇಲಿನಿಂದ ಜೋಡಿಸಿದ ಬೆಂಚು ಬೇರೆ, ಹಿಂದಿನ ಹಾಳೆಯಲ್ಲಿ ಲೆಕ್ಕ ಬಿಡಿಸಿ ತೋರಿಸುವ ಸ್ನೇಹ ಬೇರೆ. ನಿಮ್ಮ ಮಕ್ಕಳಲ್ಲಿ ಇರುವುದು ಎರಡನೆಯದು ಅಂತ ಕಾಣುತ್ತದೆ.

ರೇಷ್ಮೆಗೂಡು ಅವರೇ, ಮಗಳನ್ನು ಒಬ್ಬಳೇ ಇರುವಾಗ ಕೇಳಿ. ತೋಟದಲ್ಲಿ ಕೇಳಿ, ಸೊಪ್ಪು ಕೊಯ್ಯುವಾಗ. ಸೈನ್ಸ್ ಯಾಕೆ ಬೇಡ ಅಂತ ಕೇಳಬೇಡಿ. "ಅವಳು ಬೇರೆ ಊರಿಗೆ ಹೋಗಿಬಿಟ್ಟರೆ ನೀನು ಏನು ತಗೋತೀಯ" ಅಂತ ಕೇಳಿ.

ರೇಷ್ಮೆಗೂಡು

ಕೇಳಿದೆ.

ಸೊಪ್ಪು ಕೊಯ್ಯುವಾಗಲೇ ಕೇಳಿದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಪಿಸಿಎಂಬಿ" ಅಂದಳು. ಅಷ್ಟು ಸಲೀಸಾಗಿ. ನನಗೆ ಅಲ್ಲೇ ಕೂರುವ ಹಾಗಾಯಿತು.

ಹಾಗಾದರೆ ಯಾಕಮ್ಮ ಈ ಹಟ ಅಂದರೆ ಆಗ ಹೊರಗೆ ಬಂತು. ಆ ಹುಡುಗಿಯ ಅಪ್ಪ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಮನೆಯಲ್ಲಿ ಕೆಲಸ ಮಾಡುತ್ತಾರೆ. "ನಿನ್ನ ಗೆಳತಿ ಬಂದರೆ ಕಾಲೇಜಿಗೆ ಹೋಗು, ಇಲ್ಲವಾದರೆ ಬೇಡ" ಅಂದಿದ್ದಾರಂತೆ. ಆಂಧ್ರದ ಕಡೆಯಿಂದ ಒಂದು ಸಂಬಂಧವೂ ಬಂದು ಹೋಗಿದೆಯಂತೆ. ಆ ಹುಡುಗಿಗೆ ಇನ್ನೂ ಹದಿನಾರು ತುಂಬಿಲ್ಲ. ನಮ್ಮವಳು ಚಿಕ್ಕಬಳ್ಳಾಪುರಕ್ಕೆ ಹೋದರೆ ಅವಳ ಓದು ಅಲ್ಲಿಗೆ ಮುಗಿಯಿತು ಅಂತ ಇವಳ ಲೆಕ್ಕ. "ನಾನು ಸೈನ್ಸ್ ಓದದಿದ್ದರೆ ನನಗೆ ಏನೂ ಆಗಲ್ಲ ಅಮ್ಮ, ಅವಳು ಕಾಲೇಜಿಗೆ ಹೋಗದಿದ್ದರೆ ಅವಳಿಗೆ ಆಗುತ್ತೆ" ಅಂದಳು.

ಇಷ್ಟು ದಿನ ನಾನು ಇಲ್ಲಿ ಅವಳು ಗೆಳತಿಯ ಹಿಂದೆ ಹೋಗುತ್ತಾಳೆ ಅಂತ ಬರೆಯುತ್ತಿದ್ದೆ.

ಬಸ್ಸಿನಕಿಟಕಿ

ಅಕ್ಕಾ, ಮದುವೆ ಮಾತು ಮುಂದುವರಿದರೆ 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ, ದುಡ್ಡು ಕಟ್ಟಬೇಕಿಲ್ಲ. ಹದಿನೆಂಟಕ್ಕೆ ಮುಂಚೆ ಮಾಡಿದರೆ ನಮ್ಮ ರಾಜ್ಯದಲ್ಲಿ ಆ ಮದುವೆ ಮದುವೆಯೇ ಅಲ್ಲ, 2016ರ ತಿದ್ದುಪಡಿಯಲ್ಲಿ ಹಾಗಿದೆ. ಆದರೆ ಅದಕ್ಕೂ ಮೊದಲು ಯಾರಾದರೂ ಗಂಡಸರು ಆ ಅಪ್ಪನ ಹತ್ತಿರ ಕೂತು ಮಾತಾಡಲಿ. ನಮ್ಮ ಮಾತಿಗಿಂತ ಅವರ ಮಾತು ಅಲ್ಲಿ ನಡೆಯುತ್ತೆ. ಹೇಳಲು ಬೇಜಾರು, ಆದರೆ ನಡೆಯುವುದು ಹಾಗೇ.

ಪಾಠಹೇಳುವವ

ಇಬ್ಬರೂ ಒಂದೇ ಸಬ್ಜೆಕ್ಟ್ ಓದಬೇಕಾಗಿಲ್ಲವಲ್ಲ. ಆ ಅಪ್ಪ ಕೇಳುತ್ತಿರುವುದು ಜೊತೆ ಹೋಗುವವರು ಯಾರು ಅಂತ. ಜೊತೆ ಬೇಕಾಗಿರುವುದು ಬಸ್ಸಿಗೆ, ಕ್ಲಾಸಿಗಲ್ಲ. ಚಿಕ್ಕಬಳ್ಳಾಪುರದಲ್ಲಿ ಸೈನ್ಸ್ ಮತ್ತು ಆರ್ಟ್ಸ್ ಎರಡೂ ಒಂದೇ ಆವರಣದಲ್ಲಿರುವ ಕಾಲೇಜು ನೋಡಿ.

ರೇಷ್ಮೆಗೂಡು

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಗೂಡು ಮಾರ್ಕೆಟ್‌ಗೆ ಹೋದ ದಿನ ನಮ್ಮ ಯಜಮಾನರೇ ಆ ಹುಡುಗಿಯ ಅಪ್ಪನನ್ನು ಟೀ ಅಂಗಡಿಗೆ ಕರೆದುಕೊಂಡು ಹೋದರು. ಏನು ಮಾತಾಡಿದರು ಅಂತ ನನಗೆ ಪೂರ್ತಿ ಹೇಳಲಿಲ್ಲ. "ನನ್ನ ಮಗಳ ಜವಾಬ್ದಾರಿ ಹೇಗೋ ಅವಳದೂ ಹಾಗೆ ಅಂದೆ" ಅಂದರು. ಸಹವಾಸ ಬಿಡಿಸು ಅಂದವರು ಇವರೇ.

ಇಬ್ಬರೂ ಚಿಕ್ಕಬಳ್ಳಾಪುರದ ಒಂದೇ ಕಾಲೇಜು ಸೇರಿದ್ದಾರೆ. ಇವಳು ಪಿಸಿಎಂಬಿ, ಅವಳು ಎಚ್‌ಇಪಿಎಸ್. ಸಂಬಂಧದ ಮಾತು ಸದ್ಯಕ್ಕೆ ನಿಂತಿದೆ. ಸದ್ಯಕ್ಕೆ ಅಂತಲೇ ಹೇಳುತ್ತೇನೆ.

ಎಲ್ಲ ಸಲೀಸಾಗಿದೆ ಅಂತಲ್ಲ. ಸೈನ್ಸ್‌ನವರಿಗೆ ಮಧ್ಯಾಹ್ನ ಲ್ಯಾಬ್ ಇರುತ್ತದೆ, ಆರ್ಟ್ಸ್‌ನವರಿಗೆ ಬೇಗ ಮುಗಿಯುತ್ತದೆ. ಆ ಹುಡುಗಿ ಎರಡು ಗಂಟೆ ಲೈಬ್ರರಿಯಲ್ಲಿ ಕಾಯುತ್ತಾಳೆ. ಮನೆಗೆ ಬೇಗ ಬಂದರೆ ಕೆಲಸ ಇರುತ್ತೆ, ಇಲ್ಲೇ ಚೆನ್ನಾಗಿದೆ ಅಂತಾಳಂತೆ. ನಮ್ಮವಳಿಗೆ ಇಂಗ್ಲಿಷ್‌ನಲ್ಲಿ ಫಿಸಿಕ್ಸ್ ಕೇಳಿ ತಲೆ ಕೆಟ್ಟಿದೆ. ಮೊದಲ ಟೆಸ್ಟಿನಲ್ಲಿ ಅಂಕ ಕಡಿಮೆ ಬಂತು. ಈ ಸಲ ಯಾರ ಮೇಲೂ ಹಾಕಲು ಆಗಲಿಲ್ಲ. ಕನ್ನಡಕದ ವಿಷಯ ನೆನಪಾಗಿ ಕಣ್ಣು ತೋರಿಸಿಕೊಂಡು ಬಂದೆವು. ಕಣ್ಣು ಸರಿ ಇದೆ. ಇಂಗ್ಲಿಷೇ ತೊಂದರೆ.

ಕೈವಾರದಕಡೆಯವರೇ, ನೀವು ಹೇಳಿದ ಆ ಕನ್ನಡ ಮೀಡಿಯಂ, ಗ್ರಾಮೀಣ ಸರ್ಟಿಫಿಕೇಟ್ ಈಗಲೇ ಮಾಡಿಸಿಟ್ಟುಕೊಳ್ಳಬಹುದಾ?

ಕೈವಾರದಕಡೆ

ಹಳೆ ಶಾಲೆಗೆ ಹೋಗಿ ಹೆಡ್‌ಮಾಸ್ಟರ್ ಹತ್ತಿರ ಈಗಲೇ ಕೇಳಿ, ಅಕ್ಕ. ಮತ್ತೆ, ಆ ಹುಡುಗಿಯದ್ದೂ ಸೇರಿಸಿ ಎರಡು ಮಾಡಿಸಿ. ಸರ್ಕಾರಿ ಕೆಲಸದ ಅರ್ಜಿಗೂ ಅವು ಬೇಕಾಗುತ್ತವೆ. ಅದನ್ನು ಅವಳಿಗೆ ಹೇಳುವವರು ಮನೆಯಲ್ಲಿ ಯಾರೂ ಇರುವುದಿಲ್ಲ.